ಹದ ಮರೆತ ಬೆರಳು

ನಮ್ಮ ಮನೆಯ ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡು, ಕನ್ನಡಿಯ ಅಂಚು, ಇವ್ಯಾವುದಕ್ಕೂ ಸುಣ್ಣದ ಕಲೆ ತಪ್ಪಿದ್ದಲ್ಲ. ನಮ್ಮ ಯಜಮಾನರಿಗೆ ಎಲೆಯಡಿಕೆ ಬೇಕೇ ಬೇಕು. ಎಲೆಗೆ ಸವರಿ ಬೆರಳಲ್ಲಿ ಮಿಕ್ಕ ಸುಣ್ಣವನ್ನು ಹತ್ತಿರ ಯಾವುದು ಸಿಕ್ಕಿತೋ ಅದಕ್ಕೆ ಒರೆಸಿಬಿಡುವುದು ಅವರ ಅಭ್ಯಾಸ. ಹಾಗಾಗಿ ಚಳಿಗಾಲದ ಬೆಳಿಗ್ಗೆ ಅವರ ಬೆರಳ ತುದಿ ಬೆಳ್ಳಗೆ ಕಂಡರೆ, "ಮೊದ್ಲು ಕೈ ತೊಳ್ಕೊಂಡು ಬರ್ರಿ" ಎಂದು ಗದರುತ್ತಿದ್ದೆ. ಅವರು ತೊಳೆದುಕೊಂಡು ಬಂದು ಬಿಸಿ ಕಾಫಿಯ ಲೋಟ ಹಿಡಿದು ಕೂರುತ್ತಿದ್ದರು. ಲೋಟ ಖಾಲಿಯಾಗುವ ಹೊತ್ತಿಗೆ ಬಿಳುಪು ಹೋಗಿರುತ್ತಿತ್ತು. ತೊಳೆದದ್ದಕ್ಕೆ ಹೋಯಿತು ಅಂದುಕೊಳ್ಳುತ್ತಿದ್ದೆ. ಮನೆಮನೆಯಲ್ಲೂ ಎಲೆಯಡಿಕೆಯ ತಟ್ಟೆ ಇರುವ ನಮ್ಮ ಕಡೆ ಗಂಡಸಿನ ಬೆರಳು ಬೆಳ್ಳಗಿದ್ದರೆ ಅದು ಸುಣ್ಣವಲ್ಲದೆ ಬೇರೇನೋ ಇರಬಹುದು ಎಂದು ಯಾರು ತಾನೇ ಯೋಚಿಸುತ್ತಾರೆ?

ಅವರದು ಗ್ರಾನೈಟ್ ಕೆಲಸ. ಕಟ್ಟುತ್ತಿರುವ ಮನೆಗಳಿಗೆ ಹೋಗಿ ಅಡುಗೆಮನೆಯ ಕಟ್ಟೆಗೆ, ಮೆಟ್ಟಿಲಿಗೆ, ದೇವರ ಕೋಣೆಯ ಹೊಸ್ತಿಲಿಗೆ ಕಲ್ಲು ಕೊಯ್ದು, ಅಂಚು ಉಜ್ಜಿ, ಹೊಳಪು ಕೊಟ್ಟು ಕೂರಿಸುವುದು. ನಾವಿರುವುದು ಶಿಕಾರಿಪುರದಲ್ಲಿ. ಅವರ ಹುಟ್ಟೂರು ಸೊರಬದ ಕಡೆಯದು, ಮಾತಿಗೆ ಮೊದಲು "ಎಂತ" ಎನ್ನುತ್ತಾರೆ, ನಾನು ಅದನ್ನು ಅಣಕಿಸುತ್ತೇನೆ. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ನಾನೂ ಅವರ ಜೊತೆ ಕೆಲಸಕ್ಕೆ ಹೊರಟೆ. ಟೇಪು ಹಿಡಿಯುವುದು, ಗೆರೆ ಎಳೆಯುವುದು, ಅವರು ಕೈಯಲ್ಲಿ ಹಿಡಿಯುವ ಮಷೀನಿನಿಂದ ಕೊಯ್ಯುವಾಗ ಪಕ್ಕದಲ್ಲಿ ಕೂತು ಬ್ಲೇಡಿಗೆ ನೀರು ಬಿಡುವುದು ನನ್ನ ಪಾಲು. ನೀರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಹಿಂಡುತ್ತಾ ಇರಬೇಕು. ನೀರು ನಿಂತರೆ ಕಲ್ಲಿನ ಧೂಳು ಮನೆಯೆಲ್ಲ ತುಂಬುತ್ತದೆ, ಬ್ಲೇಡೂ ಕಾದು ಹೋಗುತ್ತದೆ. ಅರ್ಧ ನೀರು ಬ್ಲೇಡಿಗೆ, ಇನ್ನರ್ಧ ಅವರ ಕೈಗೆ.

ಕೆಲಸದವರ ನಡುವೆ ಅವರಿಗೆ ಒಂದು ಹೆಸರಿತ್ತು. ಉಡದ ಹಿಡಿತ ಅನ್ನುತ್ತಿದ್ದರು. ಮಷೀನು ಎಷ್ಟೇ ಕುಣಿದರೂ ಅವರ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮೂಲೆಗೆ ಅಡ್ಡ ಬರುತ್ತದೆಂದು ಮಷೀನಿನ ಪಕ್ಕದ ಹಿಡಿಕೆಯನ್ನು ಕೊಂಡ ದಿನವೇ ಬಿಚ್ಚಿ ಎಸೆದಿದ್ದರು. ಎರಡೂ ಕೈಯಲ್ಲಿ ಮಷೀನಿನ ಮೈಯನ್ನೇ ಅವುಚಿ ಹಿಡಿಯುತ್ತಿದ್ದರು. ಸಂಜೆ ಕೈ ಜೋಮು ಹಿಡಿದಿದೆ ಎಂದು ಕೊಡವಿಕೊಳ್ಳುತ್ತಿದ್ದರು. ಬೆಳಿಗ್ಗೆ ಜೋಮು ಇದ್ದರೆ, "ಮಷೀನ್ ಹಿಡ್ಕೊಂಡ್ರೆ ಬಿಡ್ತದೆ ಮಾರಾಯ್ತಿ" ಎಂದು ನಗುತ್ತಿದ್ದರು. ಹಿಡಿದರೆ ನಿಜಕ್ಕೂ ಬಿಡುತ್ತಿತ್ತು. ಓಡುವ ಮೋಟಾರಿನ ಮೈ ಬೆಚ್ಚಗಿರುತ್ತದೆ, ಚಳಿಗೆ ಹಿತ. ಕಾಯಿಲೆಯನ್ನೇ ಔಷಧಿ ಅಂತ ಹಿಡಿದುಕೊಳ್ಳುತ್ತಿದ್ದರು ಎಂದು ನಮಗೆ ಆಗ ತಿಳಿದಿರಲಿಲ್ಲ.

ಅದೇ ಮಗಳು ಬೆಳೆದು, ಮದುವೆಯಾಗಿ, ಬಾಣಂತನಕ್ಕೆ ಬಂದಳು. ಅವಳನ್ನು ಕೊಟ್ಟಿರುವುದು ಸೊರಬಕ್ಕೆ. ಹುಟ್ಟಿದ್ದು ಹೆಣ್ಣು ಮಗು, ಅಜ್ಜನ ಮೂಗು. ಮೊಮ್ಮಗಳು ಬಂದ ಮೇಲೆ ನಮ್ಮ ಯಜಮಾನರು ಕೆಲಸ ಮುಗಿಸಿ ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರ ಮನೆಗೆ ಬರತೊಡಗಿದರು. ಸ್ನಾನ ಮಾಡಿ, ಧೂಳಿನ ಅಂಗಿ ಬದಲಿಸಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. "ನನ್ನ ಮಗಳು ಹುಟ್ಟಿದಾಗ ಎಲ್ಲಿ ಹೋಗಿತ್ರೀ ಈ ಪ್ರೀತಿ?" ಎಂದು ನಾನು ಕೆಣಕಿದರೆ, "ಆಗ ಹೆದರಿಕೆ ಇತ್ತು, ಈಗ ಇಲ್ಲ" ಎನ್ನುತ್ತಿದ್ದರು.

ಮಗುವಿಗೆ ನೀರು ಹಾಕಲು ನಮ್ಮ ಬೀದಿಯ ಅಜ್ಜಿಯೊಬ್ಬರು ಬರುತ್ತಿದ್ದರು. ಒಂದು ದಿನ ಅವರಿಗೆ ಜ್ವರ. ನಾನೇ ಹಾಕುತ್ತೇನೆ ಎಂದು ಸೀರೆ ಮೇಲಕ್ಕೆತ್ತಿ ಬಚ್ಚಲಲ್ಲಿ ಕಾಲು ಚಾಚಿ ಕೂತೆ. ಮಗಳು ಮಗುವಿಗೆ ಎಣ್ಣೆ ತಿಕ್ಕಿ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹಂಡೆಯಿಂದ ಬಿಸಿನೀರು ತೋಡಿ ಬಕೆಟ್ಟಿಗೆ ಹಾಕಿ ಬೆರಕೆ ಮಾಡುವ ಕೆಲಸವನ್ನು ಯಜಮಾನರು ವಹಿಸಿಕೊಂಡರು. ತಣ್ಣೀರು ಸುರಿದರು, ನಾಲ್ಕು ಬೆರಳು ಅದ್ದಿ ಕಲಕಿದರು. "ಹದ ಐತೆ, ಹಾಕು" ಎಂದರು. ಮಗಳು ಮಗುವನ್ನು ನನ್ನ ಕಾಲ ಮೇಲೆ ಮಲಗಿಸಲು ಬಗ್ಗಿದಳು.

ನಮ್ಮಲ್ಲಿ ಮಗುವಿಗೆ ನೀರು ಹಾಕುವವರು ಮೊದಲ ಚೊಂಬನ್ನು ತಮ್ಮ ಕಾಲ ಮೇಲೆ ಸುರಿದುಕೊಳ್ಳುತ್ತಾರೆ. ಮಗು ಮಲಗುವ ಜಾಗ ಬೆಚ್ಚಗಾಗಲಿ ಅಂತ. ಅದಕ್ಕೇ ಮಗಳಿಗೆ ತಡಿ ಎಂದು ಹೇಳಿ ಸುರಿದುಕೊಂಡೆ. ಜೀವ ಹೋದಂತಾಯಿತು. ಕಿರುಚಿದ್ದು ನಾನೇ ಎಂದು ನನಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಮೊಣಕಾಲಿನಿಂದ ಪಾದದ ತನಕ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಮಗಳು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಹೋಗಿ ನಿಂತಿದ್ದಳು. ನಾನು ಬೈಯಲು ಬಾಯಿ ತೆರೆದು ಯಜಮಾನರ ಕಡೆ ತಿರುಗಿದೆ. ಅವರ ಬೆರಳುಗಳು ಇನ್ನೂ ಅದೇ ಬಕೆಟ್ಟಿನ ನೀರಿನೊಳಗೇ ಇದ್ದವು.

"ಎಂತ ಆಯ್ತು?" ಎಂದು ಕೇಳುತ್ತಿದ್ದರು.

ನಾನು ಅವರ ಮಣಿಕಟ್ಟು ಹಿಡಿದು ಕೈಯನ್ನು ಹೊರಗೆ ಎಳೆದೆ. ಬೆರಳು ಬೆಂದು ಕೆಂಪಾಗಿದ್ದವು. ಅವರು ಅವುಗಳನ್ನು ಯಾರದೋ ಬೆರಳು ನೋಡಿದಂತೆ ನೋಡಿದರು. "ಬಿಸಿ ಇತ್ತಾ?" ಎಂದರು. ಆ ಮಾತು ಕೇಳಿ ನನಗೆ ಕಾಲಿನ ಉರಿಯೇ ಮರೆತುಹೋಯಿತು. ನನ್ನ ಕಣ್ಣ ಮುಂದೆ ಇದ್ದದ್ದು ಎಣ್ಣೆ ಹಚ್ಚಿದ ಆ ಪುಟ್ಟ ಮೈ ಒಂದೇ. 

ಅವತ್ತಿನಿಂದ ಅವರು ಮಗುವನ್ನು ಮುಟ್ಟಲಿಲ್ಲ. "ಮೈಯೆಲ್ಲ ಧೂಳೈತೆ", "ಕೆಮ್ಮು ಬಂದೈತೆ", ಏನಾದರೊಂದು ನೆಪ. ತೊಟ್ಟಿಲ ಹತ್ತಿರ ನಿಂತು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಬಗ್ಗಿ ನೋಡುವರು. ಮಗಳೂ ಕೊಡಲಿಲ್ಲ. ಅವಳು ಒಳ್ಳೆಯವಳೇ, ಅಪ್ಪನಿಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ಆದರೆ ಅವರು ತೊಟ್ಟಿಲ ಹತ್ತಿರ ಬಂದರೆ ಅವಳೂ ಎಲ್ಲಿದ್ದರೂ ಎದ್ದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅದು ಅವರಿಗೂ ಕಾಣುತ್ತಿತ್ತು, ನನಗೂ ಕಾಣುತ್ತಿತ್ತು.

ಸಕ್ಕರೆ ಕಾಯಿಲೆ ಇರಬೇಕು ಎಂದು ಕೇಳಿದವರೆಲ್ಲ ಹೇಳಿದರು. ಶಿಕಾರಿಪುರದಲ್ಲೇ ರಕ್ತ ಪರೀಕ್ಷೆ ಮಾಡಿಸಿದೆವು. ಸಕ್ಕರೆ ಇರಲಿಲ್ಲ. ಅಲ್ಲಿನ ಡಾಕ್ಟರು ನರದವರಿಗೆ ತೋರಿಸಿ ಎಂದರು. ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು.

ಅಲ್ಲಿ ಒಬ್ಬ ಹೆಂಗಸು ಡಾಕ್ಟರು, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ಯಜಮಾನರ ಕೈಯನ್ನು ಮೇಜಿನ ಮೇಲೆ ಇಡಿಸಿ ಕಣ್ಣು ಮುಚ್ಚಿಕೊಳ್ಳಿ ಎಂದರು. ಬೆರಳು ಮುಟ್ಟುತ್ತೇನೆ, ಮುಟ್ಟಿದಾಗ ಹೇಳಿ ಎಂದು ಸೂಚಿಸಿ, ಒಂದು ಚೂಪಾದ ಕಡ್ಡಿ ತೆಗೆದುಕೊಂಡು ಕಿರುಬೆರಳಿನ ತುದಿಯನ್ನು ಚುಚ್ಚಿದರು. ಆಮೇಲೆ ಉಂಗುರದ ಬೆರಳು. ಆಮೇಲೆ ನಡುಬೆರಳು. ಯಜಮಾನರು ಪರೀಕ್ಷೆಗೆ ಕೂತ ಹುಡುಗನ ಹಾಗೆ ನೆಟ್ಟಗೆ ಕೂತು ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಹ್ಞೂಂ, ಮುಟ್ರೀ ಮೇಡಂ. ನಾನು ರೆಡಿ ಇದೀನಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಒಂದೇ ಕಲ್ಲಿನ ಎರಡು ತುದಿ ಹಿಡಿದು ಹೊತ್ತಿದ್ದೇವೆ, ಈ ಕೈಗೆ ಏನೂ ತಿಳಿಯುತ್ತಿಲ್ಲ ಎಂದು ನನಗೆ ತಿಳಿಯದೇ ಹೋಯಿತಲ್ಲ! ಅವರಿಗಾದರೂ ತಿಳಿದಿತ್ತೇ ಎಂದರೆ ಅದೂ ಇಲ್ಲ. ಸ್ವಲ್ಪಸ್ವಲ್ಪವಾಗಿ ಹೋದದ್ದರ ಲೆಕ್ಕ ಯಾರಿಗೆ ಸಿಗುತ್ತದೆ?

"ಚಳಿಗೆ ಬೆರಳು ಬೆಳ್ಳಗಾಗುತ್ತಾ?" ಎಂದು ಡಾಕ್ಟರು ಕೇಳಿದರು.

"ಇಲ್ರಿ, ಅದು ಸುಣ್ಣ" ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು.

ಅವರು ನಗಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಅದುರುವ ಮಷೀನನ್ನು ವರ್ಷಗಟ್ಟಲೆ ಹಿಡಿದವರ ಬೆರಳಿನ ಸಣ್ಣ ರಕ್ತನಾಳ, ನರ ಎರಡೂ ಕೆಡುತ್ತವಂತೆ. ಚಳಿ ತಾಗಿದೊಡನೆ ರಕ್ತ ಬೆರಳಿಗೆ ಇಳಿಯುವುದಿಲ್ಲ, ಅದಕ್ಕೇ ಬಿಳುಪು. ಬಿಸಿ ತಾಗಿದರೆ ವಾಪಸು ಬರುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಅದುರಾಟ ಹೆಚ್ಚು ಮೈಗೆ ಇಳಿಯುತ್ತದೆ. ಒದ್ದೆ, ಚಳಿ, ಬೀಡಿ ಸೇರಿದರೆ ಇನ್ನೂ ಕೆಟ್ಟದ್ದು. ಯಜಮಾನರು ಜೇಬಿನಲ್ಲಿದ್ದ ಬೀಡಿ ಕಟ್ಟಿನ ಮೇಲೆ ಮೆಲ್ಲಗೆ ಕೈ ಮುಚ್ಚಿದರು.

"ಗ್ಲೌಸ್ ಹಾಕ್ಕೊಂಡ್ರೆ ಆಗ್ತದಾ ಮೇಡಂ?"

"ಚಳಿ ತಡೆಯುತ್ತೆ. ಅದುರೋದನ್ನ ಅಷ್ಟಾಗಿ ತಡೆಯಲ್ಲ. ಮಷೀನ್ ಹಿಡಿಯೋ ಹೊತ್ತನ್ನೇ ಕಡಿಮೆ ಮಾಡ್ಬೇಕು."

"ಹೋಗಿದ್ದು ವಾಪಸ್ ಬರ್ತದಾ?"

ಬಿಳುಪು ಕಡಿಮೆಯಾಗಬಹುದು, ಸ್ಪರ್ಶ ಬರುತ್ತದೆಂದು ಹೇಳಲಾರೆ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು.

ಊರಿಗೆ ಬಂದು ಕೆಲಸದವರು ಸೇರುವ ಚಹಾದಂಗಡಿಯ ಮುಂದೆ ಇಳಿದೆವು. ಟೈಲ್ಸ್ ಹಾಕುವ ಒಬ್ಬ ಪರಿಚಯದವನು ಅಲ್ಲಿದ್ದ. ಡಾಕ್ಟರು ಹೇಳಿದ್ದನ್ನೆಲ್ಲ ಅವನಿಗೆ ಉಸಿರು ಬಿಡದೆ ಒಪ್ಪಿಸಿದೆ. ಅವನು ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ಅವನು ಚಹಾ ಊದಿಕೊಂಡು, "ಅದಾ? ಅದು ಎಲ್ರಿಗೂ ಆಗತೈತಲ್ಲ ಅಕ್ಕ" ಎಂದ. ತನ್ನ ಅಂಗಿಯ ಗುಂಡಿ ತೋರಿಸಿ, "ಇವನ್ನ ಬೆಳಿಗ್ಗೆ ನಮ್ಮ ಮನಿಯಾಕೀನೇ ಹಾಕಿ ಕಳಿಸ್ತಾಳ" ಎಂದು ನಕ್ಕ. ಪಕ್ಕದಲ್ಲಿದ್ದವರೂ ನಕ್ಕರು. ಬೆಂಕಿಕಡ್ಡಿ ಬೆರಳ ತನಕ ಉರಿದರೂ ಗೊತ್ತಾಗುವುದಿಲ್ಲ ಎಂದು ಇನ್ನೊಬ್ಬ ಹೇಳಿದ. ನನಗೆ ಬಚ್ಚಲಲ್ಲಿ ಆದದ್ದಕ್ಕಿಂತ ಇದೇ ದೊಡ್ಡ ಆಘಾತ. ಎಲ್ಲರಿಗೂ ಗೊತ್ತಿತ್ತು! ಜೋಮು ಎಂದು ಹೆಸರಿಟ್ಟು, ನೆಗಡಿ ಕೆಮ್ಮಿನ ಹಾಗೆ ಪಕ್ಕಕ್ಕಿಟ್ಟು, ಬೆರಳು ಸಾಯುವುದನ್ನು ಚಹಾದ ಜೊತೆ ನಕ್ಕು ಮುಗಿಸುತ್ತಿದ್ದರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಕೆಲಸ ಬಿಡುವಂತಿರಲಿಲ್ಲ. ಕುಬಟೂರಿನಲ್ಲಿ ಒಪ್ಪಿಕೊಂಡ ಒಂದು ಹೊಸ ಮನೆಯಿತ್ತು, ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟಾಗಿತ್ತು. ಬೆಳಿಗ್ಗೆ ಬೇಗ ಗಾಡಿಯಲ್ಲಿ ಹೊರಟೆವು. ಮಂಜು ಕವಿದಿತ್ತು. ಅಲ್ಲಿಗೆ ಮುಟ್ಟಿ ಅವರು ಹೆಲ್ಮೆಟ್ ತೆಗೆದಾಗ ನಾನು ಕೈ ನೋಡಿದೆ. ಅವತ್ತು ಅವರು ಎಲೆ ಹಾಕಿರಲಿಲ್ಲ, ನಾನು ಹಾಕಲು ಬಿಟ್ಟಿರಲಿಲ್ಲ. ಎರಡೂ ಕೈಯ ಬೆರಳುಗಳು ನಡುಗಂಟಿನ ತನಕ ಬೆಳ್ಳಗಿದ್ದವು, ರಕ್ತ ಮುಗಿದ ಜಾಗದಲ್ಲಿ ಗೆರೆ ಎಳೆದಿಟ್ಟಂತೆ. ನಾನು ಅದನ್ನು ಸೆರಗಿನಲ್ಲಿ ಉಜ್ಜಿದೆ. ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಅವರು ಕೈ ಎಳೆದುಕೊಳ್ಳದೆ ನಿಂತಿದ್ದರು. "ಬಿಡು, ಅದು ಸುಣ್ಣ ಅಲ್ಲ" ಎಂದರು. ಸತ್ತವರ ಕೈಯನ್ನು ನಾನು ಮುಟ್ಟಿ ನೋಡಿದ್ದೇನೆ. ಬಣ್ಣದಲ್ಲಿ, ತಣ್ಣಗಿರುವುದರಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. 

ಆ ದಿನ ನಾನು ಒಂದು ಹಟ ಮಾಡಿದೆ. ಮಷೀನನ್ನು ನನ್ನ ಕೈಗೆ ಕೊಡಿ ಎಂದೆ. ಬೇಡ ಎಂದರು. ನಾನು ಕೇಳುವವಳಲ್ಲ. ಒಂದು ತುಂಡು ಕಲ್ಲಿನ ಅಂಚನ್ನು ನಾನೇ ಉಜ್ಜಿದೆ. ನೋಡಲು ಎಷ್ಟು ಸಣ್ಣ ಮಷೀನು, ಹಿಡಿದರೆ ಬೇರೆಯದೇ ಕಥೆ. ಭುಜದ ತನಕ ಝುಮ್ಮೆಂದಿತು. ಕೆಳಗಿಟ್ಟ ಮೇಲೂ ಕೈಯೊಳಗೆ ಏನೋ ಓಡುತ್ತಲೇ ಇತ್ತು. ಬಿಚ್ಚಿಹೋಗಿದ್ದ ಜಡೆ ಹೆಣೆದುಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ. ಪಕ್ಕದಲ್ಲೇ ಕೂತು ನೀರು ಬಿಡುತ್ತಿದ್ದೆನಲ್ಲ, ಒಂದು ಗೇಣು ಆಚೆ ಇದು ನಡೆಯುತ್ತಿತ್ತಲ್ಲ ಎಂದು ನಾನು ದಂಗಾಗಿ ನಿಂತೆ. "ಅಭ್ಯಾಸ ಆಗ್ತದೆ" ಎಂದರು ಯಜಮಾನರು. ಆ ಅಭ್ಯಾಸವೇ ಬೇಡ ಎಂದು ನಾನು ಕೂಗಾಡಿದ್ದು ಪಕ್ಕದ ಮನೆಯವರಿಗೂ ಕೇಳಿಸಿತು.

ಆಮೇಲೆ ನೀರು ಬಿಡುವ ಕೆಲಸವನ್ನು ಬಿಟ್ಟುಕೊಟ್ಟೆ. ಬಕೆಟ್ಟಿನಿಂದ ಸಣ್ಣ ಪೈಪು ಎಳೆದು ಬ್ಲೇಡಿಗೆ ಮಾತ್ರ ನೀರು ಬೀಳುವಂತೆ ಕಟ್ಟಿದೆವು. ನಾನು ಪ್ಲಗ್ಗಿನ ಪಕ್ಕ ಕೂತೆ. ಒಂದು ಕೊಯ್ತ ಮುಗಿಯಿತೋ, ಪ್ಲಗ್ ಕಿತ್ತೆ. ಅವರು ಕೈ ಒರೆಸಿ, ಬೆಚ್ಚಗೆ ಮಾಡಿಕೊಂಡು, ಅಳತೆಯನ್ನೋ ಬೇರೆ ಕೈಕೆಲಸವನ್ನೋ ಮುಗಿಸಿದ ಮೇಲೆಯೇ ಕರೆಂಟು. ಕೆಲಸದವರು, "ಅಕ್ಕ ಕರೆಂಟ್ ಆಫೀಸ್ ತೆಗದಾಳ" ಎಂದು ಆಡಿಕೊಂಡರು. ಆಡಿಕೊಳ್ಳಲಿ. ಎಸೆದ ಹಿಡಿಕೆಯ ಬದಲು ಹೊಸದು ತಂದು ತಿರುಪಿಸಿದೆವು. ಸವೆದು ಅಂಕುಡೊಂಕಾದ ಬ್ಲೇಡನ್ನು ಇನ್ನೊಂದು ದಿನ ಓಡಿಸೋಣ ಎನ್ನುವುದನ್ನು ನಿಲ್ಲಿಸಿದೆವು. ಉದ್ದುದ್ದ ಕೊಯ್ತವನ್ನೆಲ್ಲ ದೊಡ್ಡ ಟೇಬಲ್ ಮಷೀನು ಇರುವ ಅಂಗಡಿಯಲ್ಲೇ ಕೊಯ್ಯಿಸಿ ತಂದೆವು. ಎಲ್ಲಕ್ಕಿಂತ ಕಷ್ಟವಾದದ್ದು ಹಿಡಿತ ಸಡಿಲಿಸುವುದು. ಉಡದ ಹಿಡಿತ ಎಂದು ಹೊಗಳಿಸಿಕೊಂಡ ಮನುಷ್ಯ. ಸಡಿಲ ಹಿಡಿಯಿರಿ ಎಂದರೆ ಅವರಿಗೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ಎಂಬುದೇ ತಿಳಿಯದು. ತಿಳಿಯದ್ದಕ್ಕೇ ಇನ್ನೂ ಬಿಗಿ ಹಿಡಿಯುತ್ತಿದ್ದರು. ನಾನು ಕೂತಲ್ಲಿಂದ ಅವರ ಮುಂಗೈಯ ನರ ಉಬ್ಬುವುದನ್ನು ನೋಡಿ, "ಸಡಿಲ, ಸಡಿಲ" ಎಂದು ಕೂಗುತ್ತಿದ್ದೆ.

ಚಳಿ ಕಳೆಯುತ್ತಾ ಬಂತು. ಬಿಳುಪು ಬರುವುದು ಕಡಿಮೆಯಾಯಿತು. ಅದು ಬಿಸಿಲಿಗೋ ನನ್ನ ಪ್ಲಗ್ಗಿಗೋ ಗೊತ್ತಿಲ್ಲ. ಮಗಳು ಗಂಡನ ಮನೆಗೆ ಹೊರಡುವ ದಿನ ಬಂದೇ ಬಂತು. ಅಳಿಯ ಸೊರಬದಿಂದ ಕಾರು ಮಾಡಿಕೊಂಡು ಬಂದಿದ್ದ. ಕುಂಕುಮ ಇಟ್ಟು, ಮಡಿಲು ತುಂಬಿ, ಎಲ್ಲರೂ ಬಾಗಿಲಿಗೆ ಬಂದೆವು. ನಮ್ಮಲ್ಲಿ ತಾಯಿಯ ಮನೆಯ ಹೊಸ್ತಿಲನ್ನು ಮಗು ಅಜ್ಜನ ಕೈಯಲ್ಲೇ ದಾಟಬೇಕು. ಯಜಮಾನರು ಆ ಹೊತ್ತಿಗೆ ಸರಿಯಾಗಿ ಕಾರಿನ ಡಿಕ್ಕಿಯಲ್ಲಿ ಚೀಲ ಜೋಡಿಸುವ ನೆಪ ಹುಡುಕಿಕೊಂಡಿದ್ದರು. ಮಗಳು ಹೊಸ್ತಿಲೊಳಗೆ ನಿಂತೇ ಇದ್ದಳು.

"ಅಪ್ಪಾ, ಬಾರಪ್ಪ. ನೀನೇ ಎತ್ಕೊಂಡು ಬಾ."

"ನಿನ್ನ ಅಮ್ಮ ಎತ್ಕೊಳ್ಲಿ."

"ಅಮ್ಮ ಅಲ್ಲ, ನೀನು."

ಬಂದರು. ಕೈಯನ್ನು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಮಗಳು ಮಗುವನ್ನು ಅವರ ಎರಡು ಕೈಗಳ ಮೇಲೆ ಇಟ್ಟು, ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳು ಹಾಗೆ ಪೂರ್ತಿ ತೆಗೆದುಕೊಂಡದ್ದು ನೋಡಿ ನನಗೆ ಅಳು ಬಂತು. ಯಜಮಾನರು ಮಗುವಿನ ಮುಖ ನೋಡಲಿಲ್ಲ. ತಮ್ಮ ಬೆರಳುಗಳನ್ನೇ ನೋಡುತ್ತಾ ಒಂದೊಂದೇ ಹೆಜ್ಜೆ ಇಟ್ಟರು.

"ಬಿಗಿ ಹಿಡ್ದೀನೇನೇ? ನೋಡಿ ಹೇಳು" ಎಂದು ನನ್ನನ್ನು ಕೇಳಿದರು.

"ಇಲ್ರಿ. ಸರಿಯಾಗೇ ಹಿಡ್ದೀರಿ. ನಡೀರಿ."

ಕಾರಿನ ಹತ್ತಿರ ಬಂದ ಮೇಲೆ ಅವರಿಗೆ ಸ್ವಲ್ಪ ಧೈರ್ಯ ಬಂತು. ತಲೆ ಎತ್ತಿ ಅಳಿಯನ ಹತ್ತಿರ ದಾರಿಯ ಮಾತಾಡತೊಡಗಿದರು. ಚಂದ್ರಗುತ್ತಿಗೆ ಯಾವಾಗ ಹೋಗುತ್ತೀರಿ, ಮಗುವನ್ನು ದೇವಿಗೆ ತೋರಿಸಿಕೊಂಡು ಬನ್ನಿ, ಬಿಸಿಲೇರುವ ಮೊದಲು ಹೊರಡಿ ಎಂದು ಹೇಳುತ್ತಿದ್ದರು. ನಾನು ಮಗುವಿನ ಟೋಪಿ ಸರಿಮಾಡಲು ಹತ್ತಿರ ಹೋದೆ. ಮಗು ಕಂಬಳಿಯೊಳಗಿಂದ ಕೈ ಹೊರಗೆ ಹಾಕಿ ಅಜ್ಜನ ನಡುಬೆರಳನ್ನು ಹಿಡಿದುಕೊಂಡಿತ್ತು. ಪುಟ್ಟ ಮುಷ್ಟಿ ಬೆಳ್ಳಗಾಗುವಷ್ಟು ಗಟ್ಟಿಯಾಗಿ, ತನ್ನ ಶಕ್ತಿಯನ್ನೆಲ್ಲ ಹಾಕಿ ಹಿಡಿದಿತ್ತು. ಯಜಮಾನರು ದಾರಿಯ ಮಾತನ್ನೇ ಮುಂದುವರಿಸಿದ್ದರು.

"ಏನ್ರಿ" ಎಂದೆ. "ಕೆಳಗ ನೋಡ್ರಿ. ನಿಮ್ಮನ್ನ ಹಿಡ್ಕೊಂಡೈತಿ."